ಗಡಿಯ ಈಚೆಗಿನ ಗಾಜು

ಇಪ್ಪತ್ತೆರಡು ವರ್ಷ ಮಾಜಾಳಿ ನಾಕೆಯಲ್ಲಿ ಕೂತು
ಲಾರಿಗಳ ಕಾಗದಕ್ಕೆ ಠಸ್ಸೆ ಒತ್ತಿದವನು ನಾನು.
ಕೋಲು ಎತ್ತಿದರೆ ಗೋವಾ, ಇಳಿಸಿದರೆ ನಾವು.
ಈಗ ಆ ಕೋಲಿಲ್ಲ.
ನಾನಿದ್ದ ಕೋಣೆಯ ನೆರಳಿಗೆ ಒಬ್ಬ ಎಳನೀರು ಮಾರುತ್ತಾನೆ,
ಬಿಲ್ಲು ಕೊಡುವುದಿಲ್ಲ. ನಾನೂ ಕೇಳುವುದಿಲ್ಲ.

ಆದರೂ ಭಾನುವಾರ ಬೆಳಿಗ್ಗೆ
ಕಾರವಾರದ ಸ್ಕೂಟರುಗಳೆಲ್ಲ ಪೊಳೆಮ್ ಪಂಪಿನೆದುರು ಸಾಲು ನಿಂತಾಗ
ಒಳಗಿನ ಗುಮಾಸ್ತ ಮೈಮುರಿದು ಏಳುತ್ತಾನೆ:
ಲೀಟರಿಗೆ ಇಷ್ಟು ಉಳಿತಾಯ, ಹೋಗಿಬರಲು ಇಷ್ಟು ಖರ್ಚು,
ಕಳೆದು ಉಳಿದದ್ದು
ಒಂದು ಚಾ.
ಒಂದು ಚಾಕ್ಕಾಗಿ ರಾಜ್ಯ ದಾಟುವ ಜನ ನಾವು.
ನಾನೂ ದಾಟಿದ್ದೇನೆ, ಸುಳ್ಳೇಕೆ.

ಪ್ರವಾಸಿಗಳು ಆ ಕಡೆಯಿಂದ ಬರುತ್ತಾರೆ,
ಟ್ಯಾಂಕು ಅಲ್ಲೇ ತುಂಬಿಸಿ, ಬಾಟಲಿಗಳನ್ನು ಟವೆಲ್ಲಿನಲ್ಲಿ ಸುತ್ತಿ.
ಖಾಲಿ ತರುವುದು ಹೊಟ್ಟೆಯೊಂದನ್ನೇ.
ಚಂದ್ರಭಾಗಾ ತಾಂಡೇಲಳ ಮಡಲಿನ ಚಪ್ಪರದಡಿ
ರವೆ ಮೆತ್ತಿದ ಬಂಗಡೆ ಚುಂಯ್ ಎನ್ನುತ್ತದೆ.
ಅವಳಿಗೆ ನಂಬರಿಲ್ಲ, ರಸೀದಿ ಪುಸ್ತಕವಿಲ್ಲ;
ಎಣ್ಣೆಗೆ, ಸಾಬೂನಿಗೆ, ಸಿಲಿಂಡರಿಗೆ ಮಾತ್ರ
ಅಂಗಡಿಯಲ್ಲೇ ಕೊಟ್ಟು ಬಂದಿದ್ದಾಳೆ ತೆರಿಗೆ,
ಕೊಟ್ಟೆ ಎಂದು ಗೊತ್ತಿಲ್ಲದೆಯೇ.

ನಮ್ಮ ಸಾಹೇಬರೊಬ್ಬರು ಹೇಳುತ್ತಿದ್ದರು,
ಎಲೆ ಅಡಿಕೆ ಮೆಲ್ಲುತ್ತ:
'ಬಂದವರಿಂದ ತಗೊಳ್ಳಿ, ಇದ್ದವರನ್ನು ಬಿಡಿ.
ಊರು ನೋಡಲು ಬಂದವನು ಐದು ರೂಪಾಯಿಗೆ ಅಳುವುದಿಲ್ಲ.
ರಸ್ತೆ ಅವನದ್ದೂ ಹೌದಲ್ಲವೇ? ಚರಂಡಿ ಅವನದ್ದೂ ಹೌದಲ್ಲವೇ?'
ಹೌದು ಸರ್, ಅಂದಿದ್ದೆ.
ಈಗಾದರೆ ಇನ್ನೊಂದು ಮಾತು ಸೇರಿಸುತ್ತಿದ್ದೆ:
ಸಾಬೂನಿಗೆ ತಿಳಿಯುವುದಿಲ್ಲ ಸರ್,
ಯಾರು ಬಂದವರು, ಯಾರು ಇದ್ದವರು.
ಜೂನಿನಲ್ಲಿ ದೋಣಿ ದಡ ಹತ್ತಿ, ಚಪ್ಪರ ಬಿಚ್ಚಿ,
ದಂಡೆಯಲ್ಲಿ ನಾಯಿಯೂ ಇಲ್ಲದಾಗ
ಆ ಸಾಬೂನಿಗೆ ಅದೇ ದರ.

ಮತ್ತೆ ಕಡಲು? ಅದಕ್ಕೆ ಯಾರೂ ಬಿಲ್ಲು ಬರೆಯುವುದಿಲ್ಲ.
ಮುಳುಗುವ ಸೂರ್ಯನನ್ನು ಯಾರೂ ಮಾರಲಿಲ್ಲ,
ಮಾರಾಟವಿಲ್ಲದಲ್ಲಿ ಮಾರಾಟ ತೆರಿಗೆ ಎಲ್ಲಿಂದ?
ನೋಡಿ ಎದ್ದುಹೋದವರ ಹಿಂದೆ
ಉಳಿಯುವುದನ್ನು ಮಾತ್ರ ನಾವು ಹೆಕ್ಕುತ್ತೇವೆ.

ಮೊನ್ನೆ ಇಳಿತದ ಹೊತ್ತಿಗೆ
ಬೆಳಚು ಆರಿಸಲು ಹೋದ ಚಂದ್ರಭಾಗಾ
ಕುಂಟುತ್ತ ಬಂದಳು. ಹಿಮ್ಮಡಿಗೆ ಏಳು ಹೊಲಿಗೆ.
ಗಾಜಿನ ಚೂರನ್ನು ನಾನು ತೊಳೆದು, ಕನ್ನಡಕ ಏರಿಸಿ ಓದಿದೆ.
ನೆನೆದ ಚೀಟಿ ಇನ್ನೂ ಅಂಟಿಕೊಂಡಿತ್ತು:
ಗೋವಾದಲ್ಲಿ ಮಾತ್ರ ಮಾರಾಟಕ್ಕೆ.

ಮಾರಾಟ ಅಲ್ಲಿ ಮಾತ್ರ.
ಒಡೆಯುವುದಕ್ಕೆ ಹಾಗೇನೂ ಬರೆದಿರಲಿಲ್ಲ.
ಬಾಟಲಿಯ ತೆರಿಗೆ ಪಣಜಿಯ ಖಜಾನೆಗೆ ಸೇರಿ ಎಷ್ಟೋ ದಿನ;
ಹತ್ತಿ, ಪಟ್ಟಿ, ಮುಲಾಮಿನದ್ದು ನಮ್ಮ ಲೆಕ್ಕಕ್ಕೆ.

'ಬಂದವರ ಮೇಲೆ ಇನ್ನಷ್ಟು ಹಾಕಬೇಕು ಕಾಣು' ಅಂದೆ,
ಹಳೇ ಠಸ್ಸೆಯ ಸಿಟ್ಟಿನಲ್ಲಿ.
ಅವಳು ಕಾಲು ಮಣೆಯ ಮೇಲಿಟ್ಟು ಮಸಾಲೆ ಕಲಸುತ್ತಿದ್ದಳು:
'ಹಾಕಿ ನೋಡಿ.
ಅವ್ರು ಬರೂದೇ ಬಿಟ್ರೆ
ನಿಮ್ಮ ಠಸ್ಸೆ ಹುರ್ದು ಮಾರೂದಾ ನಾನು?'

ಉತ್ತರ ಹೊಳೆಯಲಿಲ್ಲ. ಮೀನು ತಿಂದು ಬಂದೆ.

ಈ ಭಾನುವಾರ ಪೊಳೆಮ್ಮಿಗೆ ಹೋಗಲಿಲ್ಲ.
ಕೋಡಿಬಾಗಿನಲ್ಲೇ ನೂರು ರೂಪಾಯಿಗೆ ಹಾಕಿಸಿ,
ಇಷ್ಟು ವರ್ಷದಲ್ಲಿ ಮೊದಲ ಸಲ
ಕೇಳಿ ತೆಗೆದುಕೊಂಡೆ ಚೀಟಿ.
ಎದೆಯ ಜೇಬಿನಲ್ಲಿಟ್ಟು ದಂಡೆಯವರೆಗೆ ಬಂದು,
ಇನ್ನೂ ಇಡದ ಕಸದ ಡಬ್ಬಿಯ ಜಾಗದಲ್ಲಿ ನಿಂತು
ಬಿಡಿಸಿ ನೋಡಿದರೆ
ಬೆವರಿಗೆ ಅಂಕೆಗಳು ಮಾಸಿದ್ದವು.