ಜ್ಞಾನತಂದೆ

ಪೂಜೆ ಮುಗಿದ ಮೇಲೆ ಸ್ವಾಮಿಗಳು ಒಂದು ಕಾಗದ ಓದಿದರು:
ಈ ಮತ್ತಿಗಿರಿಯ ಕುದುರೆ ಡಿಪೋದಲ್ಲಿ ಲಾಳ ಹೊಡೆಯುತ್ತಿದ್ದ
ಮೈಕೆಲ್ ಹೆನೆಗನ್ ಎಂಬವನ ಕಡೆಯವರು ಯಾರಾದರೂ ಉಳಿದಿದ್ದೀರಾ,
ಐರ್ಲೆಂಡಿನಿಂದ ಒಬ್ಬಾಕೆ ಕೇಳುತ್ತಿದ್ದಾಳೆ.
ಆ ಹೆಸರು ನಾನು ಕೇಳಿದವಳಲ್ಲ.
ನೆನಪಾದದ್ದು ರಾಯಪ್ಪ ತಾತನ ಬೆಕ್ಕಿನ ಕಣ್ಣು.
ಎದ್ದು ನಿಂತೆ.
ಅತ್ತೆ ಸೆರಗು ಜಗ್ಗಿ ಕೂರಿಸಿದಳು.

ಅಂಚೆಯಲ್ಲಿ ಬಂದದ್ದು ಒಂದು ಪುಟ್ಟ ಕೊಳವೆ.
ಗೆರೆಯ ತನಕ ಉಗುಳಬೇಕಂತೆ.
ಎಂಜಲು!
ನಮ್ಮ ಲೋಟ ಹೊರಗಿನ ಗೂಡಿನಲ್ಲಿ ಬೋರಲು ಬಿದ್ದಿರುತ್ತಿದ್ದ ಟೀ ಅಂಗಡಿ
ಹೊಸೂರು ರಸ್ತೆಯಲ್ಲಿ ಇನ್ನೂ ಇದೆ, ಮೊಬೈಲ್ ರಿಪೇರಿಯಾಗಿ.
ಅದೇ ಎಂಜಲನ್ನು ಮೊಹರು ಹಾಕಿ, ಪೆಟ್ಟಿಗೆ ಕೊಟ್ಟು
ಕಡಲು ದಾಟಿಸುತ್ತಾರೆ ಎಂದರೆ
ಬಾಯೇ ಒಣಗಿಹೋಯಿತು.
ಗೆರೆ ಮುಟ್ಟಲು ಅರ್ಧ ಗಂಟೆ ಹಿಡಿಯಿತು,
ಹುಣಸೆಕಾಯಿ ನೆನೆಸಿಕೊಂಡು.

ಅರವತ್ತೊಂದು, ಎಂದು ಬಂತು ಉತ್ತರ.
ಅದು ಯಾವ ಅಳತೆಯೋ.
ನನಗೆ ಗೊತ್ತಿರುವುದು ಕೊರಳಲ್ಲಿ ನೇತಾಡುವ ಟೇಪು;
ಅರವತ್ತೊಂದು ಇಂಚು ಅಂದರೆ ನಾನೇ, ನೆತ್ತಿಯಿಂದ ಹಿಮ್ಮಡಿಗೆ.
ನೋರೀನ್ ಹೆನೆಗನ್ ಬರೆದದ್ದನ್ನು ಸ್ವಾಮಿಗಳು
ʼನೀವಿಬ್ಬರೂ ದಾಯಾದಿಗಳುʼ ಎಂದು ಹೇಳಿ ನಾಲಗೆ ಕಚ್ಚಿಕೊಂಡರು.
ಆ ಮಾತಿಗೆ ಕೋರ್ಟಿನ ವಾಸನೆ.

ಹಳೆಯ ಜ್ಞಾನಸ್ನಾನದ ಪುಸ್ತಕ ತೆಗೆದರು, ಲತೀನಿನದು.
ಸಾವಿರದ ಎಂಟುನೂರ ತೊಂಬತ್ತನಾಲ್ಕು. ಅಂಚೆಲ್ಲ ಗೆದ್ದಲು.
ಮಗು: ಪೇತ್ರುಸ್. ಅದೇ ನಮ್ಮ ರಾಯಪ್ಪ.
ತಾಯಿ: ಸವರಿಯಮ್ಮ, ಕುದುರೆಗೆ ಹುಲ್ಲು ತರುವವಳು.
ತಂದೆ: ಇಗ್ನೋತುಸ್. ಗೊತ್ತಿಲ್ಲ.
ಪಕ್ಕದ ಮನೆಯಲ್ಲಿ, ಅದೇ ಶಾಯಿ, ಅದೇ ಕೈ,
ಜ್ಞಾನತಂದೆ: ಮಿಖಾಯೆಲ್ ಹೆನೆಗನ್, ಲಾಳದವನು.

ಹೆತ್ತವನು ಜ್ಞಾನತಂದೆಯಾಗಕೂಡದು, ಸಭೆಯ ಕಟ್ಟಳೆ.
ಬರೆದ ಫ್ರೆಂಚ್ ಪಾದ್ರಿಗೆ ತಿಳಿದಿರಲಿಲ್ಲವೋ
ತಿಳಿದೇ ಲೇಖನಿ ಅದ್ದಿದನೋ.
ಎರಡು ಬೆರಳಗಲ ದಾಟಲು ನೂರಮೂವತ್ತು ವರ್ಷ.
ತಾತನನ್ನು ಊರು ʼಗೊತ್ತಿಲ್ಲದವನ ಮಗʼ ಎಂದೇ ಕರೆಯಿತು.

ಅಂತೋಣಮ್ಮತ್ತೆ ಒಪ್ಪಲಿಲ್ಲ.
ಎಂಬತ್ತೆಂಟು ವರ್ಷ ಕರ್ನಲ್ ದೊರೆಯ ಮೊಮ್ಮಗಳಾಗಿ ಬಾಳಿದವಳು,
ಬಿಳಿ ಕುದುರೆ, ಬೆಳ್ಳಿ ಹಿಡಿಯ ಚಾವಟಿ ಸಮೇತ.
ಈಗ ಅವನನ್ನು ಜೀನಿನಿಂದ ಇಳಿಸಿ
ಗೊರಸಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂರಿಸಿದರೆ?
ʼನಿನ್ನ ಉಗುಳು ನಿನಗಿರಲಿ ಕಣೇ. ನನ್ನದು ಕರ್ನಲನದೇ.ʼ

ನೋರೀನಳ ಕಡೆಯೂ ಬರಿದೇ.
ಅವರ ದೇಶದ ದಾಖಲೆ ಮನೆ ಒಂದು ಕಾಳಗದಲ್ಲಿ ಸುಟ್ಟಿತಂತೆ,
ಕರಿದ ಹಾಳೆಗಳು ಊರ ಮೇಲೆ ಉದುರಿದವಂತೆ.
ಅವರದು ಬೆಂಕಿಗೆ, ನಮ್ಮದು ಗೆದ್ದಲಿಗೆ.
ಉಳಿದದ್ದು ಅವನು ತಾಯಿಗೆ ಬರೆಸಿದ ಒಂದೇ ಕಾಗದ:
ಇಲ್ಲಿ ಮಳೆ ಕಡಿಮೆ. ಕುದುರೆಗಳು ಒಳ್ಳೆಯವು. ಕೈ ವಾಸಿಯಾಗಿದೆ.
ಅಷ್ಟೇ.
ಹುಲ್ಲು ತರುವವಳ ಸುದ್ದಿಯಿಲ್ಲ.

ಇನ್ನೊಂದು ಕೇಳಿದ್ದಾಳೆ:
ನಿಮ್ಮ ಮನೆಯಲ್ಲಿ ಯಾರಾದರೂ ತುಟಿಯಲ್ಲಿ ಮೊಳೆ ಕಚ್ಚಿ ಮಾತಾಡುತ್ತಿದ್ದರೇ?
ಅವಳಪ್ಪ ಹಾಗಂತೆ.
ನನ್ನಪ್ಪನೂ, ಶವಪೆಟ್ಟಿಗೆಗೆ ಹಲಗೆ ಕೂಡಿಸುವಾಗ.
ಮೊಳೆ ಹೊಡೆಯುವವರೆಲ್ಲ ಹಾಗೇ,
ರಕ್ತಕ್ಕೆ ಅದರಲ್ಲೇನೂ ಪಾಲಿಲ್ಲ, ನನಗೆ ಗೊತ್ತು.
ಆದರೂ ತುಟಿಯಲ್ಲಿದ್ದ ಗುಂಡುಸೂಜಿಗಳನ್ನು
ಒಂದೊಂದಾಗಿ ತೆಗೆದಿಟ್ಟೆ, ಆರು ಇದ್ದವು.

ಅವಳು ಕಳಿಸಿದ ವಂಶದ ಮರದಲ್ಲಿ
ಮೈಕೆಲನ ಪಕ್ಕದ ಚೌಕದೊಳಗೆ: ʼಹೆಂಗಸು. ಇಂಡಿಯಾ.ʼ
ಬಟ್ಟೆ ಕತ್ತರಿಸುವ ಕಂದು ಕಾಗದದ ಮೇಲೆ
ಸೀಮೆಸುಣ್ಣದಲ್ಲಿ, ಕನ್ನಡದಲ್ಲೇ, ಬಿಡಿಸಿ ಬರೆದೆ:
ಸ ವ ರಿ ಯ ಮ್ಮ.
ಅಕ್ಷರ ತಿಳಿಯದಿದ್ದರೆ ಹಾಗೇ ನೋಡಿ ತೀಡಲಿ.
ಮೊದಲು ಅದಾಗಲಿ, ದಾಯಾದಿತನ ಆಮೇಲೆ.

ಅವನ ಸಮಾಧಿ ಎಲ್ಲಿ ಎಂದು ಕೇಳಿದ್ದಾಳೆ.
ಮರಣದ ಪುಸ್ತಕ ಪೂರ್ತಿ ಹೋಗಿದೆ.
ಡಿಪೋ ಈಗ ದನದ ಫಾರಂ, ಒಳಗೆ ಬಿಡುವುದಿಲ್ಲ.
ಆದರೆ ಅಲ್ಲಿಯ ಕಾವಲುಗಾರನ ಹೆಂಡತಿಯ ರವಿಕೆ
ನನ್ನ ಮೆಶೀನಿನ ಮೇಲಿದೆ,
ತೋಳು ಇಡುವುದೊಂದೇ ಬಾಕಿ.