ಯಾರ ಎಂಜಲು

ಇಪ್ಪತ್ತೊಂಬತ್ತು ವರ್ಷ
ಮಂಡ್ಯ, ಬಸರಾಳು, ನಾಗಮಂಗಲ ರೂಟಿನಲ್ಲಿ
ಹೆಬ್ಬೆರಳನ್ನು ನಾಲಿಗೆಗೆ ಒತ್ತಿ
ಟಿಕೀಟು ಹರಿದವನು ನಾನು.
ಗುಲಾಬಿಯದು ಎರಡು ರೂಪಾಯಿ, ಹಸಿರಿನದು ಐದು,
ಲಗೇಜಿನದು ಬೇರೆ.
ಒಂದೊಂದಕ್ಕೂ ಒಂದೊಂದು ಹನಿ.
ಕೂಡಿಟ್ಟಿದ್ದರೆ ಒಂದು ಕಟ್ಟೆಯಾದರೂ ತುಂಬುತ್ತಿತ್ತೇನೊ,
ಕನ್ನಂಬಾಡಿಯಲ್ಲ,
ದನ ನೀರು ಕುಡಿಯುವಂಥ ಸಣ್ಣ ಕಟ್ಟೆ.

ಈಗ ಬಾಯಿ ಬತ್ತಿದೆ.
ಬಾಯಾರಿಕೆಯಲ್ಲ; ಬಾಯಾರಿಕೆಗೆ ನೀರಿದೆ.
ಗಂಟಲ ಗಡ್ಡೆಗೆಂದು ಮೂವತ್ತಮೂರು ಸಲ
ಕಾಣದ ಬೆಳಕು ಬಿಟ್ಟರು.
ಗಡ್ಡೆ ಹೋಯಿತು,
ದವಡೆಯ ಕೆಳಗಿನ ಒರತೆಯೂ ಹೋಯಿತು.
"ಜೀವ ಉಳೀತಲ್ಲ ಹೊಂಬಾಳಯ್ಯ" ಅಂದರು ರೆಹಾನಾ ಡಾಕ್ಟ್ರು.
ಉಳೀತು, ಇಲ್ಲ ಅನ್ನಲಾರೆ.
ಇರುಳು ಮೂರಕ್ಕೆ ಎಚ್ಚರಾದರೆ ನಾಲಿಗೆ
ಅಂಗುಳಿಗೆ ಅಂಟಿರುತ್ತದೆ,
ಕಳೆದ ಎಲೆಕ್ಷನ್ನಿನ ಪೋಸ್ಟರಿನ ಹಾಗೆ.
ಅದನ್ನು ಕಿತ್ತುಕೊಂಡು ಹೆಂಡತಿಯನ್ನು ಕೂಗಬೇಕು.

ಮುದ್ದೆ ನುಂಗುವ ಸೀಮೆಯಲ್ಲಿ ಹುಟ್ಟಿ
ನುಂಗಲಿಕ್ಕೂ ದಾರಿ ಒದ್ದೆಯಿರಬೇಕೆಂದು
ಅರವತ್ತೆರಡಕ್ಕೆ ಕಲಿತೆ.
ಚಿಕ್ಕತಾಯಿ ತುತ್ತಿಗೊಂದು ಸೌಟು ಸಾರು ಬಿಡುತ್ತಾಳೆ,
ಏನೂ ಅನ್ನುವುದಿಲ್ಲ.

ಅದಕ್ಕೇ ಈ ಬಾಟಲಿ, ಅಂಗೈಯಷ್ಟು.
ನೂರಡಿ ರಸ್ತೆಯ ಔಷಧಿ ಅಂಗಡಿ ಹುಡುಗ
ಚೀಟಿಯನ್ನು ಎರಡು ಸಲ ಓದಿದ:
"ಕೃತಕ ಲಾಲಾರಸ... ಅಂದ್ರೆ ಉಗುಳಾ ಸಾರ್?"
ಹೂಂ ಕಣಪ್ಪ, ಉಗುಳೇ.
ದುಡ್ಡು ಕೊಟ್ಟು ತಗೊಂಡೆ, ಬಿಲ್ಲಿನ ಸಮೇತ.
ನಾಲಿಗೆಯಡಿಗೆ ಎರಡು ಸಲ ಚಿಮ್ಮಿಸಬೇಕು,
ಕೆನ್ನೆಯೊಳಗೆ ಅತ್ತ ಒಂದು, ಇತ್ತ ಒಂದು.
ಲೋಳೆಸರದ ಹಾಗಿದೆ, ನಿಂಬೆ ವಾಸನೆ.
ಬಸರಾಳು ದಾಟುವ ತನಕ ಬರುತ್ತದೆ,
ಆಮೇಲೆ ಮತ್ತದೇ ಮರಳು.
ವಾಸಿ ಮಾಡುವುದಿಲ್ಲ ಇದು, ಡಾಕ್ಟ್ರು ಮೊದಲೇ ಹೇಳಿದ್ದರು.
ಕೈಗಡ ಕೊಡುತ್ತದೆ, ಅಷ್ಟೆ.

ಒಂದು ಸಂಗತಿ ಮರೆಯುವುದೇ ಇಲ್ಲ.
ನಮ್ಮ ಕೇರಿಯ ಲೋಟ ಮುಟ್ಟದ ಪಟೇಲರ ದೊಡ್ಡೀರಪ್ಪ
ಸಂತೆ ದಿನ ಬಸ್ಸು ಹತ್ತಿ
ಎರಡೂ ಜೇಬಿನಲ್ಲಿ ಚಿಲ್ಲರೆ ತಡಕುತ್ತಾ
ನಾನು ಹರಿದುಕೊಟ್ಟ ಟಿಕೀಟನ್ನು
ತುಟಿಯಲ್ಲಿ ಕಚ್ಚಿ ಹಿಡಿದರು.
ನನ್ನ ಹೆಬ್ಬೆರಳು ಒತ್ತಿದ ಮೂಲೆಯನ್ನೇ.
ನೋಡಿದೆ. ಸೀಟಿ ಊದಿದೆ. ರೈಟ್.
ಆ ಇರುಳು ಒಲೆ ಮುಂದೆ ಕೂತು
ನಾನೂ ಚಿಕ್ಕತಾಯಿಯೂ
ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆಮೇಲೆ ಮಿಷನ್ನು ಬಂತು.
ತಾನೇ ಕಾಗದದ ನಾಲಿಗೆ ಚಾಚಿತು,
ಒಣ ನಾಲಿಗೆ.

ಮೊನ್ನೆ ಆಸ್ಪತ್ರೆಗೆ ತೋರಿಸಿ ವಾಪಸು ಬರುವಾಗ
ಪಕ್ಕದ ಸೀಟಿನಲ್ಲಿ ಒಂದು ಹುಡುಗ,
ಕಿಟಕಿ ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದ.
"ತಾತ, ಅದು ಸೆಂಟಾ?"
ಅಲ್ಲ, ಉಗುಳು.
"ಯಾರ್ದು?"

ಯಾವ ಚೆಕ್ಕಿಂಗ್ ಇನ್ಸ್‌ಪೆಕ್ಟರೂ
ನನ್ನನ್ನು ಇಷ್ಟು ನೇರ ಕೇಳಿರಲಿಲ್ಲ.
ಯಾರದೂ ಅಲ್ಲ ಮಗಾ. ಇದು
ಹುಣಸೆ ಕಂಡು ಊರಿದ್ದಲ್ಲ,
ಬೈಗುಳ ಕೇಳಿ ನುಂಗಿಕೊಂಡದ್ದಲ್ಲ,
ಇದಕ್ಕೆ ಕೇರಿಯಿಲ್ಲ, ಹಸಿವೂ ಇಲ್ಲ.
ಇಷ್ಟೆಲ್ಲ ಹೇಳಲು ಬಾಯಲ್ಲಿ ಪಸೆಯಿರಲಿಲ್ಲ.
"ಕಂಪ್ನೀದು" ಅಂದೆ.

"ನಂಗೂ ಒಂಚೂರು" ಎಂದು ನಾಲಿಗೆ ಚಾಚಿದ.
ಎಂಥ ನಾಲಿಗೆ ಅದು! ಬಿಸಿಲಿಗೆ
ನೆನೆದ ಕಲ್ಲಿನ ಹಾಗೆ ಹೊಳೆಯುತ್ತಿತ್ತು.
ಅವನ ತಾಯಿ ಸೊನ್ನೆ ಟಿಕೀಟಿನ ಕೈಯಲ್ಲೇ
ಅವನನ್ನು ಸರಕ್ಕನೆ ಎಳೆದುಕೊಂಡಳು:
"ಥೂ, ಎಂಜಲು ಕಣೋ ಅದು!"

ಎಂಜಲು.
ನನ್ನ ಕೇರಿ ಗೊತ್ತಿಲ್ಲ ಅವಳಿಗೆ, ಹೆಸರೂ ಗೊತ್ತಿಲ್ಲ.
ಯಾವ ತಾಯಿಯಾದರೂ ಯಾವ ಮಗುವಿಗಾದರೂ
ಅನ್ನುವ ಹಾಗೆಯೇ ಅಂದಳು.
ಎರಡು ವರ್ಷದ ಮೇಲೆ ಆ ಮಾತು
ಮತ್ತೆ ನನ್ನ ಬಾಯಿಗೆ ಸಂದಿತ್ತು.
ನಾಲಿಗೆಯ ಬೇರಿನಲ್ಲಿ ಏನೋ ಜಿನುಗಿದ ಹಾಗಾಯಿತು.

ಇಲ್ಲ, ನಿಂಬೆ ವಾಸನೆ ಅಷ್ಟೆ.
ಬಸ್ಸು ನಿಂತಿತು, ಯಾರೋ ಹತ್ತಿದರು.
ಹೆಬ್ಬೆರಳು ತಾನಾಗಿ ತುಟಿಗೆ ಹೋಗಿ
ಬಂತು.