ಕೊಂಬು

ಶಹಾಬಾದಿನ ಕಾಲೇಜು, ಬಾಟನಿ ಲ್ಯಾಬು,
ನಾನು ಅಟೆಂಡರ್ ಖಾಜಪ್ಪ.
ಏಪ್ರಿಲ್ ತಿಂಗಳು. ನಳದ ನೀರಿಗಿ ಕೈ ಇಟ್ಟರ ಸುಡ್ತದ.
ಪುತಳಾ ಮೇಡಂ ಒಂದು ಪಾಕೀಟು ತಂದು
ಮೇಜಿನ ಮ್ಯಾಲ ಇಟ್ಟರು:
"ಇದರ ಹೆಸರು ಕೊಂಬು. ದೂರದ ಥಂಡಿ ಕಡಲಿಂದು."

ಏಳನೇ ಕ್ಲಾಸಿನ ತನಕ ಕಲತಾಂವ ನಾನು.
ಕ ಅಕ್ಷರಕ್ಕ ಕೊಂಬು ಕೊಟ್ಟರ ಕು.
ಎತ್ತಿಗಿ ಕೊಂಬು, ಟಗರಿಗಿ ಕೊಂಬು,
ಎದುರು ಮಾತಾಡಿದರ ನಮ್ಮವ್ವ ಕೇಳ್ತಿದ್ಲು
"ಯಾಕಲೇ, ಕೊಂಬು ಬಂದಾವೇನು?"
ಇದಕ್ಕ ಕೊಂಬೂ ಇಲ್ಲ ಕೋಡೂ ಇಲ್ಲ.
ಹಳೇ ಚಪ್ಪಲಿ ತೊಗಲಿನಂಗ ಕರ್ರಗ, ಬಿರುಸು,
ಮ್ಯಾಲ ವಿಭೂತಿ ಉದುರಿದಂಗ ಬಿಳೇ ಪುಡಿ.
ಯಾರೂ ಇಲ್ಲದಾಗ ನೆಕ್ಕಿ ನೋಡಿದೆ:
ಉಪ್ಪು, ಅದರ ಹಿಂದ ಸಣ್ಣಗೆ ಸಿಹಿ.

ಟ್ರೇದಾಗ ನೀರು ಸುರಿದು, ಐಸ್ ಹಾಕಿ, ಮುಳುಗಿಸಿದೆ.
ಹತ್ತು ನಿಮಿಷಕ್ಕ ಮೈ ಮುರಿದು ಎದ್ದಿತು ನೋಡ್ರಿ,
ಮಡಿಕಿ ಬಿಚ್ಚಿತು, ಅಂಚು ಅಲೆ ಅಲೆ ಆತು,
ಟ್ರೇ ಸಾಲದೇ ಮೇಜಿನಿಂದ ಜಾರಿ
ಪರಸಿ ನೆಲಕ್ಕ ಬಾಗಿ ಇಳೀತು.

ಬುಡದಾಗ ಬೆರಳಿನಂಥಾವು ಹತ್ತಾರು.
"ಬೇರು," ಅಂದಳು ನೀಲಗಂಗಾ.
"ಬೇರಲ್ಲವ್ವ, ಹಿಡಿತ.
ಕಲ್ಲು ಹಿಡಕೊಂಡಿರ್ತದ, ಕಲ್ಲಿಂದ ಏನೂ ಕುಡಿಯಂಗಿಲ್ಲ.
ಉಣ್ಣೋದು ಮೈತುಂಬ. ಗಿಡದಂಗ ಕಾಣ್ತದ,
ಗಿಡದ ವಂಶದ್ದಲ್ಲ."

ನಮ್ಮಪ್ಪ ಮೂವತ್ತು ವರ್ಷ ಖಣ್ಯಾಗ ಉಳಿ ಹಿಡದಾಂವ.
ಕಲ್ಲಿನಿಂದ ಉಂಡಾಂವ ಅಂತ ಹೇಳ್ತಾರ ಮಂದಿ.
ಉಂಡದ್ದು ಧೂಳ.

ಬೆಳೆಯೋದು ತುದಿಗಲ್ಲಂತ, ಎಲಿ ಶುರುವಾಗೋ ಹತ್ರ.
ಹೊಸದು ಕೆಳಗ ಹುಟ್ಟತದ,
ಹಳೇದು ತುದ್ಯಾಗ ಹರಿದು ಹೋಗತದ.
ನಮ್ಮ ಉಗುರಿನಂಗ.
ಎಲಿ ಮ್ಯಾಲಿನ ಕಂದು ಕಲೆಯೊಳಗ ಕೋಟಿಗಟ್ಟಲೆ ಕಣ,
ಬಾಲ ಆಡಸ್ತಾ ಈಜಿ ಹೋಗಿ ಕಲ್ಲಿಗಿ ಕೂಡ್ತಾವ.
ಕೂತರೂ ಕೊಂಬು ಆಗಂಗಿಲ್ಲ ಅವು,
ಕಣ್ಣಿಗಿ ಕಾಣದ ಎಳಿ ಆಗ್ತಾವ, ಹೆಣ್ಣೆಳಿ, ಗಂಡೆಳಿ,
ಬೆಳಕು ಸಾಲದಿದ್ದರ ತಿಂಗಳುಗಟ್ಟಲೆ ಸುಮ್ಮ ಕೂತಿರ್ತಾವ.
ಒಂದಿನ ಹೆಣ್ಣು ನೀರಿಗಿ ವಾಸನಿ ಬಿಡ್ತದ,
ಗಂಡಿನ ಬೀಜ ಆ ವಾಸನಿ ಹಿಡಿದು ಬರ್ತದ.
ಆವಾಗ ಮತ್ತ ಆಳೆತ್ತರದ್ದು ಏಳ್ತದ.
ಮಗ ಅಪ್ಪನಂಗಿಲ್ಲ, ಮೊಮ್ಮಗ ಅಜ್ಜನಂಗ,
ಅಂತ ನಾನು ತಿಳಕೊಂಡೆ.

"ಕಡಲು ಬಿಸಿಯಾದರ ಇದು ಬಾಳಂಗಿಲ್ಲ.
ಮುಳ್ಳಿನ ಚೆಂಡಿನಂಥ ಪ್ರಾಣಿ ಒಂದದ,
ಅದು ಹೆಚ್ಚಾದರ ಬುಡಾನೇ ಕಡೀತದ.
ಕಾಡಿದ್ದ ಜಾಗದಾಗ ಬರೇ ಕಲ್ಲು."
ಬರೇ ಕಲ್ಲು ಅಂದಾಗ
ಹುಡುಗ್ರೆಲ್ಲಾ ಕಿಡಕಿ ಹೊರಗ ನೋಡಿದರು.

ತಡೀಲಾರದೇ ನಾನೂ ಕೇಳಿದೆ:
"ಈ ಪರಸಿನೂ ಕಡಲ ತಳ ಇತ್ತಂತೀರಿ,
ಹಂಗಾದರ ಇದು ಇಲ್ಲೇ..."
"ಇಲ್ಲ ಖಾಜಪ್ಪ.
ಪರಸಿ ಇನ್ನಾ ಕೆಸರಿದ್ದಾಗ ಕೊಂಬು ಹುಟ್ಟೇ ಇರಲಿಲ್ಲ.
ಕಲ್ಲೇ ಹಿರೀದು, ಬಾಳ ಹಿರೀದು."
ಮನಸ್ಸಿನಾಗ ಒಂದು ಕತಿ ಕಟ್ಟಿದ್ದೆ.
ಬಿಚ್ಚಿಟ್ಟೆ.

ಉಳಿದ ತುಂಡು ಮನಿಗಿ ಒಯ್ದೆ.
ನಾಗಿಂದ್ರಮ್ಮ ತೊಗರಿ ಬ್ಯಾಳಿಗಿ ಹಾಕಿದಳು, ಬೈಕೋತ.
ನಮ್ಮ ಬೋರಿನ ಗಡಸು ನೀರಿನಾಗ ಎಂದೂ ಕರಗದ ಬ್ಯಾಳಿ
ಅವತ್ತು ಬೆಣ್ಣಿ.
ರೊಟ್ಟಿ ಮುರಿದು ಅದ್ದಿ ತಿಂದು ಸ್ವಲ್ಪ ಹೊತ್ತು ಸುಮ್ಮ ಕೂತಳು.
"ಮೀನಿಲ್ಲ, ಮೀನಿನ ಊರಿನ ರುಚಿ," ಅಂದಳು.
ಮೀನಿನ ಊರು ಆಕಿನೂ ನೋಡಿಲ್ಲ.

ಮುಂಜಾನೆ ಲ್ಯಾಬಿನ ಕೀಲಿ ತೆಗೆದೆ.
ನೀರು ಆರಿ, ಪರಸಿ ಮ್ಯಾಲ ಉಪ್ಪಿನ ಗೆರಿ ಉಳದಿತ್ತು,
ಬಲಕ್ಕ ಇಳಿದು, ಬಾಗಿ, ಸ್ವಲ್ಪ ಮ್ಯಾಲೆದ್ದು,
ಅಕ್ಷರ ಇಲ್ಲದ ಕೊಂಬು.
ನೆಲ ಒರಸೋದು ನನ್ನ ಕೆಲಸ.
ಸೋಮವಾರ ಒರಸ್ತೀನಿ.